ಬೀಗ ಹಾಕಿದ ಭವನ ನಮಗೆ ಬೇಡ

ಮಧ್ಯಾಹ್ನ ಮೂರು ಗಂಟೆಗೆ ಸನತ್‌ನಗರದಲ್ಲಿ ಒಮ್ಮೆ ಸುತ್ತಾಡಿ ಬರಬೇಕೆಂದು ಕಾರ್ಮಿಕ ಬಂಧುಗಳನ್ನು ಕೇಳಿಕೊಳ್ಳುತ್ತೇವೆ. ಊಟದ ಗಿರಾಕಿ ಮುಗಿದು ಸಂಜೆಯ ತಿಂಡಿ ಏಳುವವರೆಗಿನ ಎರಡು ತಾಸು ನಮ್ಮ ಹೋಟೆಲ್ ಹುಡುಗರು ಎಲ್ಲಿರುತ್ತಾರೆ? ಅಕ್ಕಿ ಮೂಟೆಯ ಮೇಲೆ, ಇಲ್ಲವೆ ಯಾರದೋ ಅಂಗಡಿಯ ಮೆಟ್ಟಿಲ ಮೇಲೆ. ಅದೇ ಹೊತ್ತಿಗೆ ನಿವೃತ್ತರಾದ ಹಿರಿಯರು, ಒಂದೇ ಕೋಣೆಯ ಮನೆಯಲ್ಲಿ ಸೊಸೆಯ ಕೆಲಸಕ್ಕೆ ಅಡ್ಡವಾಗಬಾರದೆಂದು, ಮರದ ನೆರಳು ಹುಡುಕುತ್ತಾರೆ.

ಇದು ಕಾರ್ಖಾನೆಗಳಿಂದ ಬೆಳೆದ ಬಡಾವಣೆ. 1942ರಲ್ಲಿ ಆರಂಭವಾದ ಆಲ್ವಿನ್ ಇಂದಿಲ್ಲ. ಇ.ಎಸ್.ಐ. ಆಸ್ಪತ್ರೆ ಇದೆ, ದುಡಿದು ಮುದುಕರಾದವರು ಇದ್ದಾರೆ. 1956ರಲ್ಲಿ ಬೀದರ, ಕಲಬುರಗಿ, ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿದವು. ಹೊಟ್ಟೆಪಾಡು ಮಾತ್ರ ನಮ್ಮವರನ್ನು ಹೈದರಾಬಾದಿಗೇ ಕಟ್ಟಿಹಾಕಿತು.

ಹಿರಿಯರಿಗೂ ಕಿರಿಯರಿಗೂ ಒಂದು ಸೂರು ಕೊಡಿ ಎಂದರೆ ಅದು ಭಿಕ್ಷೆಯಲ್ಲ. ಮುಂಬಯಿಯ 1953ರ ಕಾರ್ಮಿಕ ಕಲ್ಯಾಣ ನಿಧಿ ಕಾಯ್ದೆ ವಾಚನಾಲಯ, ಸಮುದಾಯ ಕೇಂದ್ರ, ಆಟಪಾಠಗಳನ್ನು ಹೆಸರಿಸಿಯೇ ಹೇಳಿತು. ಕಾರ್ಮಿಕರಿಂದ ವಸೂಲಾದ ದಂಡ, ಯಾರೂ ಪಡೆಯದೆ ಉಳಿದ ಪಗಾರ ಆ ನಿಧಿಗೆ ಸೇರುತ್ತದೆ. ಆಂಧ್ರಪ್ರದೇಶದಲ್ಲಿಯೂ 1987ರಲ್ಲಿ ಇಂಥದೇ ಕಾಯ್ದೆಯಾಯಿತು. ಹಣ ನಮ್ಮ ಬೆವರಿನದು, ಕೇಳಲು ನಾಚಿಕೆಯೇಕೆ?

ಆದರೆ ಕಟ್ಟಡವಷ್ಟೇ ಸಾಲದು. ಸಮುದಾಯ ಭವನವೆಂದು ಕಟ್ಟಿ, ಮದುವೆಗೆ ಬಾಡಿಗೆ ಕೊಟ್ಟು, ಉಳಿದ ದಿನ ಬೀಗ ಜಡಿಯುವುದನ್ನು ನಾವು ಸಾಕಷ್ಟು ನೋಡಿದ್ದೇವೆ. ಸಂಜೆ ಆರಕ್ಕೆ ತೆರೆಯುವ ವಾಚನಾಲಯವೂ ಸಪ್ಲಾಯರನಿಗೆ ಇಲ್ಲದಂತೆಯೇ. ಆರಕ್ಕೆ ಅವನ ಕೈಯಲ್ಲಿ ಹತ್ತು ದೋಸೆಯ ಆರ್ಡರು. ಮುಂಬಯಿಯ ಕನ್ನಡ ರಾತ್ರಿ ಶಾಲೆಗಳು ಹೋಟೆಲ್ ಹುಡುಗರ ಪಾಳಿ ನೋಡಿ ಗಂಟೆ ಬಾರಿಸಿದವು. ಅದರಿಂದಲೇ ಎಷ್ಟೋ ಮಂದಿ ಮೆಟ್ರಿಕ್ ದಾಟಿದರು. ಇಲ್ಲಿಯೂ ಮಧ್ಯಾಹ್ನ ಬಾಗಿಲು ತೆರೆದಿರಲಿ.

ಒಂದೇ ಸೂರಿನಡಿ ಇಬ್ಬರಿಗೂ ಲಾಭವಿದೆ. ಭವಿಷ್ಯನಿಧಿ ಪಿಂಚಣಿಗೆ 2014ರಲ್ಲಿ ತಿಂಗಳಿಗೆ 1,000 ರೂಪಾಯಿ ಕನಿಷ್ಠವೆಂದು ಗೊತ್ತುಮಾಡಿದರು. ಅಷ್ಟಕ್ಕೂ ವರ್ಷಕ್ಕೊಮ್ಮೆ ಬದುಕಿದ್ದೇನೆಂದು ರುಜುವಾತು ಕೊಡಬೇಕು. ಮಗ್ಗದಲ್ಲಿ ಗೆರೆ ಸವೆದ ಬೆರಳನ್ನು ಯಂತ್ರ ಗುರುತಿಸದು. ಮುಖ ತೋರಿಸಿ ಮೊಬೈಲಿನಲ್ಲೇ ರುಜುವಾತು ಕೊಡುವ ಸೌಕರ್ಯ ಈಗಿದೆ. ಹುಡುಗರಿಗೆ ಅದು ಐದು ನಿಮಿಷದ ಕೆಲಸ. ಹಿರಿಯರು ಅವರಿಗೆ ಇ.ಎಸ್.ಐ. ಚೀಟಿ ಮಾಡಿಸಿಕೊಳ್ಳುವುದನ್ನೂ ಪಗಾರದಲ್ಲಿ ಮುರಿದ ಹಣದ ಲೆಕ್ಕ ಕೇಳುವುದನ್ನೂ ಕಲಿಸಲಿ. ಕೇರಮ್ಮು ಹಾಗೂ ಕನ್ನಡ ಪತ್ರಿಕೆ ಜೊತೆಗಿರಲಿ.

ಮನವಿಗೆ ಸಹಿ ಹಾಕುವ ಕಾಗದ ಸಂಘದ ಕಚೇರಿಯಲ್ಲಿದೆ. ಗಿರಾಕಿಯ ಹೊತ್ತೆಂದು ಮಾಲೀಕರು ಬಿಡದಿದ್ದರೆ ಹೋಟೆಲಿನ ಬಾಗಿಲು ಹಾಕಿದ ಮೇಲೆ ಬನ್ನಿರಿ. ದೀಪ ಉರಿಯುತ್ತಿರುತ್ತದೆ.