ಬ್ಯಾಡಗಿ ಮೆಣಸಿನಕಾಯಿ ಫೋಟೋಕ್ಕೆ ಡಾಲರ್: ಬರೋದೆಷ್ಟು, ಸಹಿ ಯಾರದು?

ಬ್ಯಾಡಗಿ: ಸೀಜನ್‌ನಲ್ಲಿ ಸೋಮವಾರ, ಗುರುವಾರ ಬಂತೆಂದರೆ ಎಪಿಎಂಸಿ ಪ್ರಾಂಗಣದ ತುಂಬ ಕೆಂಪು ಲಾಟು. ಚೀಲ ಹೊರುವ ಹಮಾಲರು, ಟೆಂಡರ್ ದರ ಕಾಯುತ್ತ ನಿಂತ ರೈತರು, ಘಾಟಿಗೆ ಕೆಮ್ಮುತ್ತ ಓಡಾಡುವ ಹೊಸಬರು. ಇವರ ನಡುವೆ ಕ್ಯಾಮೆರಾ ಹಿಡಿದ ಹುಡುಗರೂ ಇರತಾರೆ. ಕೆಲವರದು ರೀಲ್ಸ್. ಇನ್ನು ಕೆಲವರ ಲೆಕ್ಕ ಬೇರೆ: ಇದೇ ಫೋಟೋ, ವಿಡಿಯೋವನ್ನು ಸ್ಟಾಕ್ ವೆಬ್‌ಸೈಟಿಗೆ ಹಾಕಿದರೆ ಕುಂತಲ್ಲೇ ಡಾಲರ್ ಬರತೈತಿ ಅನ್ನೋದು.

ಡಾಲರ್ ಬರತೈತಿ ಅನ್ನೋದೇನೂ ಸುಳ್ಳಲ್ಲ. ಎಷ್ಟು ಬರತೈತಿ, ಯಾರ ಮುಖಕ್ಕೆ ಬರತೈತಿ ಅನ್ನೋದನ್ನು ಮಾತ್ರ ಹೇಳೋರು ಕಡಿಮೆ.

ಸ್ಟಾಕ್ ವೆಬ್‌ಸೈಟ್ ಅಂದರೆ ರೆಡಿ ಫೋಟೋಗಳ ಅಂಗಡಿ. ಶಟರ್‌ಸ್ಟಾಕ್, ಅಡೋಬಿ ಸ್ಟಾಕ್, ಐಸ್ಟಾಕ್ ಇದರಲ್ಲಿ ದೊಡ್ಡ ಹೆಸರುಗಳು. ಜಾಹೀರಾತು ಮಾಡೋರು, ಪುಸ್ತಕ ಅಚ್ಚು ಹಾಕೋರು, ಮಸಾಲೆ ಕಂಪನಿಯವರು ತಮಗೆ ಬೇಕಾದ ಚಿತ್ರ ಹುಡುಕಿ ದುಡ್ಡು ಕೊಟ್ಟು ಇಳಿಸಿಕೊಳ್ಳುತ್ತಾರೆ. ಫೋಟೋದ ಹಕ್ಕು ತೆಗೆದವನ ಹತ್ತಿರವೇ ಉಳಿಯುತ್ತದೆ, ಮಾರಾಟವಾಗೋದು ಬಳಸುವ ಪರವಾನಗಿ. ಹಾಗಾಗಿ ಒಂದೇ ಫೋಟೋ ನೂರು ಸಲ ಹೋಗಬಹುದು, ಒಂದು ಸಲವೂ ಹೋಗದೇ ಇರಬಹುದು. ಸೇರೋಕೆ ಫೀಜು ಇಲ್ಲ. ಸೇರಿಸ್ತೀವಿ, ಕಲಿಸ್ತೀವಿ ಅಂತ ಸಾವಿರಗಟ್ಟಲೆ ಕೇಳುವವರಿದ್ದರೆ, ಅವರ ಗಳಿಕೆ ಫೋಟೋದಿಂದ ಬರುತ್ತಿಲ್ಲ ಅಂತಲೇ ತಿಳಿಯಬೇಕು.

ಈಗ ಲೆಕ್ಕ. ಅಡೋಬಿ ಸ್ಟಾಕ್ ಫೋಟೋಕ್ಕೆ ಶೇ 33, ವಿಡಿಯೋಕ್ಕೆ ಶೇ 35 ಪಾಲು ಕೊಡುತ್ತದೆ. ಕೇಳೋಕೆ ಚೆನ್ನಾಗಿದೆ. ಆದರೆ ದೊಡ್ಡ ಗಿರಾಕಿಗಳು ತಿಂಗಳ ಚಂದಾ ಕಟ್ಟಿ ಮೂಟೆಗಟ್ಟಲೆ ಇಳಿಸೋರು, ಅಲ್ಲಿ ಒಂದು ಫೋಟೋಕ್ಕೆ ಸಿಗೋದು 33 ಸೆಂಟ್ ಆಸುಪಾಸಿನಿಂದ ಶುರು. ಡಾಲರಿಗೆ 85 ರೂಪಾಯಿ ಹಿಡಿದರೂ 28 ರೂಪಾಯಿ. ಖಾತೆಯಲ್ಲಿ 25 ಡಾಲರ್ ಆಗುವ ತನಕ ದುಡ್ಡು ಕೈಗೆ ಬರಲ್ಲ. ಅಂದರೆ 2,125 ರೂಪಾಯಿ ನೋಡೋಕೆ 76 ಸಲ ಮಾರಾಟ ಆಗಬೇಕು. ಹತ್ತು ಫೋಟೋ ಹಾಕಿ ಕುಂತವರಿಗೆ ಇದು ವರ್ಷದ ಮಾತು. ಸಾವಿರಗಟ್ಟಲೆ ಹಾಕಿದವರಿಗೆ ಮಾತ್ರ ತಿಂಗಳ ಮೊಬೈಲ್ ರೀಚಾರ್ಜ್, ಕರೆಂಟ್ ಬಿಲ್ಲು ಅಂತ ಹೇಳುವಷ್ಟು ಆಗುತ್ತದೆ.

ಶಟರ್‌ಸ್ಟಾಕ್ ಕಥೆ ಇನ್ನೂ ಬಿಗಿ. 2020ರ ಜೂನ್‌ಗೆ ಮೊದಲು ಅಲ್ಲಿ ಒಂದು ಫೋಟೋಕ್ಕೆ ಕನಿಷ್ಠ 25 ಸೆಂಟ್ ಇತ್ತು. ಆಮೇಲೆ ಮೆಟ್ಟಿಲು ಲೆಕ್ಕ ಬಂತು: ಮಾರಾಟ ಕಡಿಮೆ ಇದ್ದವರಿಗೆ ಶೇ 15, ಜಾಸ್ತಿ ಇದ್ದವರಿಗೆ ಶೇ 40ರ ತನಕ. ಕನಿಷ್ಠ 10 ಸೆಂಟಿಗೆ ಇಳಿಯಿತು. ಅದಕ್ಕಿಂತ ಹೊಟ್ಟೆ ಉರಿಸುವ ನಿಯಮ ಇನ್ನೊಂದು: ಪ್ರತಿ ಜನವರಿ 1ಕ್ಕೆ ಎಲ್ಲರೂ ಮತ್ತೆ ಕೆಳಗಿನ ಮೆಟ್ಟಿಲಿಗೆ. ವರ್ಷಪೂರ್ತಿ ಮಾಲು ಎತ್ತಿದ ಅಂಗಡಿಯವನ ಕಮಿಷನ್ನನ್ನು ಯುಗಾದಿ ದಿನ ಕಂಪನಿ ಒರೆಸಿ ಹಾಕಿದ ಹಾಗೆ. ಆಗ ಜಗತ್ತಿನಾದ್ಯಂತ ಛಾಯಾಗ್ರಾಹಕರು ಗಲಾಟೆ ಮಾಡಿದರು, ಕೆಲವರು ತಮ್ಮ ಫೋಟೋಗಳನ್ನೇ ಮಾರಾಟದಿಂದ ಹಿಂದಕ್ಕೆ ಪಡೆದರು. ನಿಯಮ ಬದಲಾಗಲಿಲ್ಲ.

ಯಾಕೆ ಬದಲಾಗಲಿಲ್ಲ ಅನ್ನೋದು ಬ್ಯಾಡಗಿ ರೈತರಿಗೆ ಬಿಡಿಸಿ ಹೇಳಬೇಕಿಲ್ಲ. ಐಸ್ಟಾಕ್ 2006ರಲ್ಲೇ ಗೆಟ್ಟಿ ಇಮೇಜಸ್ ಕೈಗೆ ಹೋಯಿತು. ವಿಡಿಯೋಕ್ಕೆ ಹೆಸರಾದ ಪಾಂಡ್5 ಅನ್ನು 2022ರಲ್ಲಿ ಶಟರ್‌ಸ್ಟಾಕ್ ಕೊಂಡಿತು. 2025ರ ಜನವರಿಯಲ್ಲಿ ಗೆಟ್ಟಿ ಮತ್ತು ಶಟರ್‌ಸ್ಟಾಕ್ ತಾವೇ ಒಂದಾಗುವ ಒಪ್ಪಂದ ಘೋಷಿಸಿದವು. ಲಾಟಿಗೆ ಟೆಂಡರ್ ಹಾಕೋ ಖರೀದಿದಾರರು ಹತ್ತು ಮಂದಿ ಇದ್ದಲ್ಲಿ ಮೂರೇ ಮಂದಿ ಆದರೆ ದರ ಏನಾಗತೈತಿ?

ಇದರ ಮೇಲೆ ಎಐ. ಸೂರ್ಯೋದಯ, ಗುಲಾಬಿ ಹೂವು, ಲ್ಯಾಪ್‌ಟಾಪ್ ಮುಂದೆ ಕುಂತ ಹುಡುಗಿ, ಇಂಥ ಚಿತ್ರಗಳನ್ನು ಯಂತ್ರವೇ ಕ್ಷಣದಲ್ಲಿ ಮಾಡುತ್ತದೆ. ಎಐ ಚಿತ್ರ ಅಂತ ಗುರುತು ಹಾಕಿದರೆ ಅಡೋಬಿ 2022ರ ಡಿಸೆಂಬರ್‌ನಿಂದ ಅವನ್ನೂ ಮಾರಾಟಕ್ಕೆ ತಗೊಳ್ಳುತ್ತಿದೆ. 2023ರಲ್ಲಿ ಬಂದ ಅದರ ಫೈರ್‌ಫ್ಲೈ ಯಂತ್ರ ಕಲಿತದ್ದೇ ಜನ ಹಾಕಿದ ಸ್ಟಾಕ್ ಫೋಟೋ ನೋಡಿ. ಹೀಗಾಗಿ ಊರ ಕೆರೆಯ ಸೂರ್ಯಾಸ್ತಕ್ಕೆ ಈಗ ಗಿರಾಕಿ ಸಿಗೋದು ಕಷ್ಟ.

ಉಳಿಯೋದು ಇಲ್ಲಿಯದೇ ಆದ ಮಾಲು. ಸುಕ್ಕುಗಟ್ಟಿದ ಡಬ್ಬಿ, ಉದ್ದನೆ ಕಡ್ಡಿ, ಒಣಹಾಕಿದ ಕಣ, ಕೋಲ್ಡ್ ಸ್ಟೋರೇಜ್ ಮುಂದಿನ ಲಾರಿ ಸಾಲು. 2011ರಲ್ಲಿ ಜಿಐ ಗುರುತು ಪಡೆದ ಮೆಣಸಿನಕಾಯಿ ಇದು, ಇದರ ಬಣ್ಣ ಲಿಪ್‌ಸ್ಟಿಕ್ ತನಕ ಹೋಗುತ್ತದೆ. ಆದರೆ ಬರೀ ‘ರೆಡ್ ಚಿಲ್ಲಿ’ ಅಂತ ಬರೆದು ಹಾಕಿದರೆ ಲಕ್ಷಾಂತರ ಚಿತ್ರಗಳ ಅಡಿಗೆ ಬೀಳುತ್ತದೆ. ಒಂದು ಫೋಟೋಕ್ಕೆ ಅಡೋಬಿಯಲ್ಲಿ 49, ಶಟರ್‌ಸ್ಟಾಕ್‌ನಲ್ಲಿ 50 ಕೀವರ್ಡ್ ತನಕ ಹಾಕಬಹುದು. ಬ್ಯಾಡಗಿ, ಕರ್ನಾಟಕ, ಎಪಿಎಂಸಿ, ತೊಟ್ಟು ಬಿಡಿಸುವುದು, ಎಲ್ಲವನ್ನೂ ಇಂಗ್ಲಿಷಿನಲ್ಲಿ ಬರೆಯಬೇಕು. ಕ್ಲಿಕ್ ಮಾಡೋಕೆ ಒಂದು ನಿಮಿಷ ಸಾಕು, ಬರೆಯೋಕೆ ಹತ್ತು ನಿಮಿಷ ಬೇಕು. ಬೇಸರ ಬಂದು ಬಿಡೋರು ಇಲ್ಲೇ ಬಿಡತಾರೆ.

ವಿಡಿಯೋಕ್ಕೆ ಬೆಲೆ ಹೆಚ್ಚು, ಮಾರಾಟ ಕಡಿಮೆ. 5ರಿಂದ 60 ಸೆಕೆಂಡಿನ ಅಲುಗಾಡದ ತುಣುಕು ಸಾಕು. ಆಷಾಢದಲ್ಲಿ ಮದುವೆ ಇಲ್ಲದೆ ಗಿಂಬಲ್, ಕ್ಯಾಮೆರಾ ಮೂಲೆಗೆ ಇಟ್ಟು ಕೂರುವ ಸ್ಟುಡಿಯೋದವರಿಗೆ ಇದು ಹೊಸ ಬಂಡವಾಳ ಕೇಳದ ಕೆಲಸ. ಇದನ್ನೇ ನಂಬಿ ಸಾಲ ಮಾಡಿ ಹೊಸ ಕ್ಯಾಮೆರಾ ತರೋದು ಬೇರೆ ಮಾತು. 28 ರೂಪಾಯಿ ಲೆಕ್ಕದಲ್ಲಿ ಆ ಕಂತು ತೀರಲ್ಲ.

ಇನ್ನು ಮುಖದ ವಿಷಯ. ಮೆಣಸಿನಕಾಯಿ ರಾಶಿಗಿಂತ ಚೆಂದದ ಫೋಟೋ ಅಂದರೆ ರಾಶಿ ಮುಂದೆ ಕುಂತು ತೊಟ್ಟು ಬಿಡಿಸುವ ಹೆಣ್ಣುಮಕ್ಕಳದು. ಮುಖ ಗುರುತು ಸಿಗುವ ಫೋಟೋವನ್ನು ಜಾಹೀರಾತಿಗೆ ಮಾರಬೇಕಾದರೆ ಅವರ ಸಹಿ ಇರುವ ಒಪ್ಪಿಗೆ ಪತ್ರ, ಅಂದರೆ ಮಾಡೆಲ್ ರಿಲೀಸ್ ಬೇಕೇ ಬೇಕು. ಮಕ್ಕಳಿದ್ದರೆ ತಂದೆತಾಯಿ ಸಹಿ. ಚೀಲದ ಮೇಲಿನ ದಲಾಲಿ ಅಂಗಡಿ ಹೆಸರು, ಕಂಪನಿ ಲೋಗೋ ಕಾಣಿಸಲೂಬಾರದು. ಸಹಿ ಇಲ್ಲದಿದ್ದರೆ ‘ಎಡಿಟೋರಿಯಲ್’ ಅಂತ ಹಾಕಬಹುದು, ಅದು ಸುದ್ದಿ, ಲೇಖನಕ್ಕೆ ಮಾತ್ರ. 2024ರ ಮಾರ್ಚ್ 11ರಂದು ದರ ಕುಸಿದು ಎಪಿಎಂಸಿಯಲ್ಲಿ ವಾಹನಗಳಿಗೆ ಬೆಂಕಿ ಬಿದ್ದ ದಿನದ ಫೋಟೋ ಇದ್ದವರು ಊರು, ತಾರೀಖು, ಏನಾಯಿತು ಅಂತ ಬರೆದು ಕೊಡಬೇಕಾದದ್ದು ಈ ಸಾಲಿನಲ್ಲೇ.

ಆ ಒಪ್ಪಿಗೆ ಪತ್ರ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ಇರುತ್ತದೆ. ‘ಅಕ್ಕಾ, ಇಲ್ಲೊಂದು ಸಹಿ ಹಾಕ್ರಿ’ ಅಂದರೆ ಹಾಕಿಬಿಡತಾರೆ. ಆದರೆ ಸಾಮಾನ್ಯ ಪರವಾನಗಿ ಪಡೆದವರು ಅದೇ ಮುಖವನ್ನು 5 ಲಕ್ಷ ಪ್ರತಿ ತನಕ ಅಚ್ಚು ಹಾಕಬಹುದು. ಎಲ್ಲೋ ಒಂದು ದೇಶದ ಮಸಾಲೆ ಪಾಕೀಟಿನ ಮೇಲೆ ಆ ಅಕ್ಕನ ಮುಖ ಬಂದರೆ ಕೇಳೋಕೆ ಆಗಲ್ಲ. ಫೋಟೋ ತೆಗೆದವನಿಗೆ 28 ರೂಪಾಯಿಯಾದರೂ ಬರುತ್ತದೆ, ವೆಬ್‌ಸೈಟ್ ಆಕೆಗೆ ಏನೂ ಕೊಡಲ್ಲ. ಸಹಿ ಹಾಕಿಸಿಕೊಳ್ಳುವವರು ಕನ್ನಡದಲ್ಲಿ ಓದಿ ಹೇಳಿ, ಅರ್ಧ ದಿನದ ಕೂಲಿಯನ್ನಾದರೂ ಅಲ್ಲೇ ಕೈಗೆ ಕೊಡಬೇಕು. ನಿಯಮದಲ್ಲಿ ಇದು ಇಲ್ಲ, ನ್ಯಾಯದಲ್ಲಿ ಇದೆ.

ತೆರಿಗೆ ಕಡೆಗೂ ಒಂದು ಕಣ್ಣು. ಅಮೆರಿಕದ ಕಂಪನಿಗಳು ಡಬ್ಲ್ಯು-8ಬೆನ್ ಅನ್ನೋ ಫಾರಂ ಕೇಳುತ್ತವೆ. ಪಾನ್ ನಂಬರ್ ಹಾಕಿ ತುಂಬಿದರೆ ಅಮೆರಿಕದಲ್ಲಾದ ಮಾರಾಟದ ಮೇಲೆ ಶೇ 15 ಮುರಿದುಕೊಳ್ಳುತ್ತಾರೆ, ತುಂಬದಿದ್ದರೆ ಶೇ 30. ಇಲ್ಲಿನ ರಿಟರ್ನ್‌ನಲ್ಲೂ ಆ ಆದಾಯ ತೋರಿಸಬೇಕು.

ಸ್ಟುಡಿಯೋಗಳ ಹಾರ್ಡ್ ಡಿಸ್ಕ್‌ನಲ್ಲಿ ಹತ್ತು ವರ್ಷದ ಮದುವೆ ಫೋಟೋ ಬಿದ್ದಿವೆ, ಅವನ್ನೇ ಹಾಕಿದರಾಯಿತು ಅನ್ನೋ ಯೋಚನೆ ಯಾರಿಗಾದರೂ ಬರಬಹುದು. ಹಾಗೆ ಮಾಡುವಂತಿಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಕಲಂ ಪ್ರಕಾರ, ದುಡ್ಡು ಕೊಟ್ಟು ತೆಗೆಸಿದ ಫೋಟೋಕ್ಕೆ, ಬೇರೆ ಕರಾರು ಇಲ್ಲದಿದ್ದರೆ, ತೆಗೆಸಿದವರೇ ಮೊದಲ ಮಾಲೀಕರು. ಮಗಳ ಮದುವೆಗೆ ಆಲ್ಬಂ ಮಾಡಿಸುವವರು ಆರ್ಡರ್ ಚೀಟಿ ಹಿಂದಿನ ಸಣ್ಣ ಅಕ್ಷರ ಓದಿಯೇ ಅಡ್ವಾನ್ಸ್ ಕೊಡೋದು ಒಳ್ಳೇದು.