ಅಂತ್ಯಕಾಲದ ಶುಶ್ರೂಷೆಗೆ ಅಳತೆಗೋಲು ಬೇಡವೆ?

ಗುಣವಾಗುವ ಕಾಲವು ಮೀರಿತೆಂದೂ, ಇನ್ನು ರೋಗಿಯನ್ನು ಮನೆಗೆ ಕರೆದೊಯ್ಯಬಹುದೆಂದೂ ಆಸ್ಪತ್ರೆಯವರು ಹೇಳಿದ ದಿನ ಚಿಕಿತ್ಸೆಯು ಮುಗಿಯಿತೆಂದು ಲೋಕವು ಭಾವಿಸುತ್ತದೆ. ರೋಗಿಯ ಮಟ್ಟಿಗೆ ಮುಗಿದಿರುವುದು ಒಂದೂ ಇಲ್ಲ. ನೋವು, ಉಬ್ಬಸ, ವಾಂತಿ, ನಿದ್ರಾಹೀನತೆ, ಹಾಸಿಗೆಹುಣ್ಣು, ಇವೆಲ್ಲಕ್ಕೂ ಮಿಗಿಲಾಗಿ ತನ್ನವರಿಗೆ ತಾನು ಭಾರವಾದೆನೆಂಬ ಕೊರಗು, ಇವು ಆ ದಿನದಿಂದಲೇ ಬಲಿಯತೊಡಗುತ್ತವೆ. ಇಂಥ ರೋಗಿಗಳ ಶುಶ್ರೂಷೆಯನ್ನು ವ್ರತವೆಂದೋ ವೃತ್ತಿಯೆಂದೋ ಕೈಕೊಂಡಿರುವ ಸಂಸ್ಥೆಗಳು ಇಂದು ನಮ್ಮ ನಗರಗಳಲ್ಲಿವೆ. ಹಾಸ್ಪಿಸ್ ಎಂಬ ಹೆಸರಿನಿಂದ ಕೆಲವು, ಉಪಶಮನ ಶುಶ್ರೂಷೆಯ ಹೆಸರಿನಿಂದ ಕೆಲವು, ವೃದ್ಧರ ಆರೈಕೆಯೆಂಬ ಹೆಸರಿನಿಂದ ಮತ್ತೆ ಕೆಲವು. ಇವುಗಳಲ್ಲಿ ಯಾವುದು ನೆಚ್ಚತಕ್ಕದ್ದು, ಯಾವುದು ಹೆಸರಿಗೆ ಮಾತ್ರವೆಂಬುದನ್ನು ಅರಿಯುವ ಬಗೆ ಹೇಗೆ? ಈ ಪ್ರಶ್ನೆಯನ್ನು ಮಹಾಜನರಾಗಲಿ ಸರ್ಕಾರವಾಗಲಿ ಇನ್ನು ಮುಂದೂಡತಕ್ಕದ್ದಲ್ಲವೆಂಬುದು ನಮ್ಮ ದೃಢವಾದ ಅಭಿಪ್ರಾಯ.

ಈ ಶುಶ್ರೂಷೆಯ ಈಗಿನ ರೂಪವು ಬಹಳ ಹಳೆಯದಲ್ಲ. ಮೊದಲು ದಾದಿಯಾಗಿ, ಬಳಿಕ ವೈದ್ಯೆಯಾದ ಸಿಸಿಲಿ ಸಾಂಡರ್ಸ್ ಎಂಬಾಕೆಯು ೧೯೬೭ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟಫರ್ಸ್ ಹಾಸ್ಪಿಸನ್ನು ತೆರೆದು, ಸಾಯುವವನ ನೋವು ದೇಹದ್ದು ಮಾತ್ರವಲ್ಲವೆಂದೂ, ಮನಸ್ಸು, ಸಂಸಾರ, ಶ್ರದ್ಧೆ ಇವೆಲ್ಲವೂ ಆ ನೋವಿನಲ್ಲಿ ಕೂಡಿರುತ್ತವೆಂದೂ ಲೋಕಕ್ಕೆ ತೋರಿಸಿಕೊಟ್ಟಳು. ನಮ್ಮ ದೇಶದಲ್ಲಿ ೧೯೮೬ರಲ್ಲಿ ಮುಂಬಯಿಯ ಶಾಂತಿ ಅವೇದನಾ ಸದನವು ಮೊದಲಾಯಿತು. ೧೯೯೩ರಲ್ಲಿ ಕಲ್ಲಿಕೋಟೆಯಲ್ಲಿ ಡಾ|| ರಾಜಗೋಪಾಲ್ ಮೊದಲಾದವರು ನೋವಿನ ಉಪಶಮನಕ್ಕೆಂದೇ ಒಂದು ಸಂಘವನ್ನು ಕಟ್ಟಿದರು. ಬೆಂಗಳೂರಿನ ಕರುಣಾಶ್ರಯವು ಗುಣವಾಗದ ಕ್ಯಾನ್ಸರ್ ರೋಗಿಗಳನ್ನು ಶುಲ್ಕವಿಲ್ಲದೆ ನೋಡಿಕೊಳ್ಳುತ್ತಾ ಬಂದಿರುವುದು ಕನ್ನಡಿಗರು ಅಭಿಮಾನಪಡತಕ್ಕ ಸಂಗತಿಯೇ ಸರಿ. ಆದರೆ ಅಗತ್ಯದ ಮುಂದೆ ಈ ಪ್ರಯತ್ನಗಳು ಸಮುದ್ರಕ್ಕೆ ಹನಿಯಷ್ಟಾಗಿವೆ. ಪ್ರತಿವರ್ಷ ಲೋಕದಲ್ಲಿ ಸುಮಾರು ೫ ಕೋಟಿ ೬೮ ಲಕ್ಷ ಜನರಿಗೆ ಇಂಥ ಶುಶ್ರೂಷೆ ಬೇಕಾಗಿದ್ದು, ನೂರಕ್ಕೆ ಸುಮಾರು ೧೪ ಮಂದಿಗೆ ಮಾತ್ರ ಅದು ದೊರೆಯುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಸಾವಿನ ಸಮಯದ ಶುಶ್ರೂಷೆಯ ಗುಣವನ್ನು ತೂಗಿ ಇಂಗ್ಲೆಂಡಿನ ಇಕಾನಮಿಸ್ಟ್ ಪತ್ರಿಕೆಯ ಶೋಧನ ವಿಭಾಗದವರು ೨೦೧೫ರಲ್ಲಿ ಮಾಡಿದ ಪಟ್ಟಿಯಲ್ಲಿ ೮೦ ದೇಶಗಳ ಪೈಕಿ ಭಾರತಕ್ಕೆ ದೊರೆತದ್ದು ೬೭ನೆಯ ಸ್ಥಾನ.

ಇಷ್ಟು ಕೊರತೆಯಿರುವಲ್ಲಿ ಇದ್ದ ಸಂಸ್ಥೆಗಳನ್ನು ಪರೀಕ್ಷಿಸಹೊರಡುವುದು ಸರಿಯೆ ಎಂದು ಕೆಲವು ಸಜ್ಜನರು ಕೇಳಬಹುದು. ದಾನ ಕೊಟ್ಟ ಆಕಳ ಹಲ್ಲು ಹಿಡಿದು ನೋಡಬಾರದೆಂದು ನಮ್ಮ ಹಿರಿಯರು ಹೇಳಿದ್ದಾರೆ. ಆಕಳ ಮಟ್ಟಿಗೆ ಆ ಮಾತು ನಿಜವಿರಬಹುದು. ಸಾಯುತ್ತಿರುವ ಮನುಷ್ಯನ ಮಟ್ಟಿಗೆ ಅದನ್ನು ನಾವು ಒಪ್ಪಲಾರೆವು. ಧರ್ಮಾರ್ಥವಾದ ಮಾತ್ರಕ್ಕೆ ಶುಶ್ರೂಷೆಯು ಒಳ್ಳೆಯದೆಂದು ಸಿದ್ಧವಾಗುವುದಿಲ್ಲ. ಹಣ ಹೆಚ್ಚು ತೆಗೆದುಕೊಂಡ ಮಾತ್ರಕ್ಕೂ ಸಿದ್ಧವಾಗುವುದಿಲ್ಲ.

ಬೇರೆ ಆಸ್ಪತ್ರೆಗಳಿಗೂ ಇವಕ್ಕೂ ಒಂದು ದೊಡ್ಡ ಭೇದವಿದೆಯೆಂಬುದನ್ನು ವಾಚಕರು ಗಮನಿಸಬೇಕು. ಕಣ್ಣಿನ ಪೊರೆ ತೆಗೆಸಿಕೊಂಡವನು ಊರಿಗೆ ಬಂದು ವೈದ್ಯನ ಕೈಗುಣವನ್ನು ಹೊಗಳುತ್ತಾನೆ ಅಥವಾ ತೆಗಳುತ್ತಾನೆ. ಇಲ್ಲಿ ಸಾಕ್ಷಿ ನುಡಿಯಬೇಕಾದವನೇ ಹಿಂದಿರುಗಿ ಬರುವುದಿಲ್ಲ. ಉಳಿದ ಬಂಧುಗಳಾದರೋ ದುಃಖದಲ್ಲಿ ಮುಳುಗಿರುತ್ತಾರೆ. ಯಾರೋ ಒಬ್ಬರು ಕೈಹಿಡಿದರಲ್ಲ ಎಂಬ ಕೃತಜ್ಞತೆಯೂ, ಹೋದವರ ವಿಷಯದಲ್ಲಿ ಇನ್ನು ಮಾತೇಕೆಂಬ ವೈರಾಗ್ಯವೂ ಅವರ ಬಾಯನ್ನು ಕಟ್ಟಿಬಿಡುತ್ತವೆ. ದೂರು ಬಂದಿಲ್ಲವೆಂಬುದನ್ನೇ ಒಳ್ಳೆಯತನದ ಪ್ರಮಾಣವೆಂದು ಹಿಡಿಯುವಂತಿಲ್ಲ. ಆದ ಕಾರಣ ಇಂಥ ಸಂಸ್ಥೆಗಳ ಪರೀಕ್ಷೆಯು ರೋಗಿಯು ಜೀವಂತನಾಗಿರುವಾಗಲೇ ನಡೆಯತಕ್ಕದ್ದು. ಹತ್ತು ಜನರಿಗೆ ತಿಳಿಯುವಂತೆ ನಡೆಯತಕ್ಕದ್ದು.

ಪರೀಕ್ಷೆಯ ಮೊದಲನೆಯ ಪ್ರಶ್ನೆ ನೋವಿನದು. ಕ್ಯಾನ್ಸರಿನ ನೋವನ್ನು ಮೆಟ್ಟಲು ಮೆಟ್ಟಲಾಗಿ ಔಷಧವನ್ನೇರಿಸಿ ಹತೋಟಿಗೆ ತರುವ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆಯು ೧೯೮೬ರಲ್ಲಿಯೇ ಪ್ರಕಟಿಸಿತು. ತೀವ್ರವಾದ ನೋವಿಗೆ ಮುಖ್ಯ ಔಷಧವೆಂದರೆ ಬಾಯಿಯಿಂದ ಕೊಡುವ ಮಾರ್ಫಿನ್. ಅದು ದುಬಾರಿಯಾದ ವಸ್ತುವಲ್ಲ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳ ಹೊಲಗಳಲ್ಲಿ ಸರ್ಕಾರದ ಪರವಾನಗಿಯಿಂದಲೇ ಗಸಗಸೆಯ ಗಿಡವನ್ನು ಬೆಳೆದು ಅಫೀಮನ್ನು ತೆಗೆಯುತ್ತಾರೆ. ನಮ್ಮ ನೆಲದ ಅಫೀಮು ಹೊರದೇಶಗಳ ಔಷಧ ತಯಾರಕರಿಗೂ ಹೋಗುತ್ತದೆ. ಬೆಳೆದ ನಾಡಿನ ರೋಗಿಯೇ ಆ ಔಷಧವಿಲ್ಲದೆ ಹಾಸಿಗೆಯಲ್ಲಿ ಹೊರಳಾಡಿ ಸಾಯುವುದಕ್ಕಿಂತ ನಾಚಿಕೆಗೇಡು ಮತ್ತಾವುದುಂಟು? ೧೯೮೫ರ ಮಾದಕ ವಸ್ತುಗಳ ಕಾಯಿದೆಯು ದುರುಪಯೋಗವನ್ನು ತಡೆಯಹೋಗಿ ಸದುಪಯೋಗವನ್ನೂ ಬಹುಮಟ್ಟಿಗೆ ತಡೆಯಿತು. ಒಂದು ಔಷಧಕ್ಕೆ ಹಲವು ಪರವಾನಗಿಗಳು ಬೇಕಾಗಿ ಆಸ್ಪತ್ರೆಗಳು ಅದರ ಗೊಡವೆಯನ್ನೇ ಬಿಟ್ಟವು. ೨೦೧೪ರಲ್ಲಿ ಪಾರ್ಲಿಮೆಂಟು ಆ ಕಾಯಿದೆಯನ್ನು ತಿದ್ದಿ, ಮಾನ್ಯತೆ ಪಡೆದ ಸಂಸ್ಥೆಗಳಿಗೆ ಹಾದಿಯನ್ನು ಸುಗಮಮಾಡಿತು. ಇಷ್ಟಾದ ಮೇಲೂ ಶುಶ್ರೂಷಾಲಯವೆಂಬ ಹೆಸರು ಹೊತ್ತ ಸಂಸ್ಥೆಯಲ್ಲಿ ಮಾರ್ಫಿನ್ ಇಲ್ಲವೆಂದರೆ ಅದು ನೀರಿಲ್ಲದ ಅರವಟ್ಟಿಗೆಯೇ ಸರಿ.

ಔಷಧವು ಬೀರುವಿನಲ್ಲಿದ್ದರೆ ಸಾಲದು. ನೋವು ಎಷ್ಟಿದೆಯೆಂದು ರೋಗಿಯನ್ನು ದಿನದಿನವೂ ಕೇಳುವವರಿದ್ದಾರೆಯೆ? ಕೇಳಿದ್ದನ್ನು ಬರೆದಿಡುತ್ತಾರೆಯೆ? ಗಂಟೆಗೆ ಸರಿಯಾಗಿ ಔಷಧ ಕೊಡುತ್ತಾರೆಯೋ, ನರಳಾಟವು ತಡೆಯಲಾರದಷ್ಟಾದಾಗ ಮಾತ್ರ ಕೊಡುತ್ತಾರೆಯೋ? ಎರಡು ಹೊತ್ತಿನ ನಡುವೆ ನೋವು ಮೇಲೆದ್ದರೆ ಹೆಚ್ಚಿನ ಔಷಧವನ್ನು ವೈದ್ಯರು ಮೊದಲೇ ಬರೆದಿಟ್ಟಿರುತ್ತಾರೆಯೆ? ಮಾರ್ಫಿನ್ ಕೊಡುವಾಗ ಅದರಿಂದಾಗುವ ಮಲಬದ್ಧತೆಗೆ ಮೊದಲ ದಿನದಿಂದಲೇ ಮದ್ದು ಕೊಡುವುದು ಈ ವಿದ್ಯೆಯ ಮೊದಲ ಪಾಠ. ಆ ಪಾಠವನ್ನು ಮರೆತವರು ಉಳಿದದ್ದನ್ನು ಕಲಿತಿರುವರೆಂದು ನಂಬುವುದು ಕಷ್ಟ. ಚಟ ಹತ್ತೀತೆಂಬ ಭೀತಿಯಿಂದ ಔಷಧವನ್ನು ಹಿಡಿದಿಡುವ ವೈದ್ಯನನ್ನೂ, ಮಾತನಾಡಲು ಬಯಸುವ ರೋಗಿಯನ್ನು ಸದಾ ಮಂಪರಿನಲ್ಲಿ ಕೆಡವಿಡುವ ವೈದ್ಯನನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕು.

ಎರಡನೆಯ ಪ್ರಶ್ನೆ ರಾತ್ರಿಯದು. ಹಗಲು ಹತ್ತರಿಂದ ಐದರವರೆಗೆ ಎಲ್ಲ ಸಂಸ್ಥೆಗಳೂ ಚೆನ್ನಾಗಿಯೇ ಕಾಣುತ್ತವೆ. ರಾತ್ರಿ ಎರಡು ಗಂಟೆಗೆ ಉಸಿರು ಕಟ್ಟಿದಾಗ ಹಾಸಿಗೆಯ ಬಳಿಗೆ ಬರುವವರು ಯಾರು? ತರಬೇತಾದ ದಾದಿಯೋ, ಬಾಗಿಲು ಕಾಯುವ ಆಳೋ? ಮನೆಗೇ ಬಂದು ನೋಡುವೆವೆನ್ನುವ ಸಂಸ್ಥೆಯಾದರೆ ಆ ಹೊತ್ತಿನಲ್ಲಿ ಟೆಲಿಫೋನಿಗೆ ಉತ್ತರ ಕೊಡುವವರುಂಟೆ? ಒಬ್ಬ ದಾದಿಯ ಪಾಲಿಗೆ ಎಷ್ಟು ರೋಗಿಗಳು? ಈ ಪ್ರಶ್ನೆಗಳಿಗೆ ನೇರವಾದ ಉತ್ತರ ಕೊಡಲು ಹಿಂಜರಿಯುವ ಸಂಸ್ಥೆಯಿಂದ ಬಂಧುಗಳು ದೂರವಿರುವುದೇ ಲೇಸು.

ಮೂರನೆಯದು ದೇಹದ ಶುಚಿ. ಅಲುಗಾಡಲಾರದ ರೋಗಿಯ ಮಗ್ಗುಲನ್ನು ಹೊತ್ತುಹೊತ್ತಿಗೆ ಬದಲಿಸುವುದು, ಒಣಗಿದ ಬಾಯನ್ನು ಒರಸಿ ತುಟಿಯನ್ನು ತೇವವಾಗಿಡುವುದು, ದುರ್ಗಂಧ ಬೀರುವ ಹುಣ್ಣನ್ನು ಮೂಗುಮುಚ್ಚದೆ ತೊಳೆದು ಮದ್ದು ಹಾಕುವುದು, ಇವು ಸಣ್ಣ ಕೆಲಸಗಳೆಂದು ತೋರಬಹುದು. ಬಾಯಿಯ ಕ್ಯಾನ್ಸರು ನಮ್ಮ ದೇಶದಲ್ಲಿ ಬಹಳ. ಮುಖದ ಹುಣ್ಣಿನ ವಾಸನೆಗೆ ಅಂಜಿ ಮಕ್ಕಳು ಮೊಮ್ಮಕ್ಕಳು ಹತ್ತಿರ ಬಾರದೆ ಹೋದ ಮುದುಕನಿಗೆ ಆ ವಾಸನೆಯನ್ನು ನೀಗಿಸಿದವರು ಕೊಟ್ಟದ್ದು ಅವನ ಸಂಸಾರವನ್ನೇ.

ನಾಲ್ಕನೆಯದು ರೋಗಿಯ ಮಾತಿಗಿರುವ ಬೆಲೆ. ನಮ್ಮಲ್ಲಿ ರೋಗದ ನಿಜವನ್ನು ಮಗನಿಗೆ ಹೇಳಿ ತಂದೆಗೆ ಮುಚ್ಚಿಡುವ ವಾಡಿಕೆಯುಂಟು. ಪ್ರೀತಿಯಿಂದ ಮಾಡುವ ಈ ಮರೆಮಾಚು ಎಷ್ಟೋ ಸಲ ರೋಗಿಯನ್ನು ತನ್ನ ಮನೆಯಲ್ಲೇ ಒಂಟಿಯಾಗಿಸುತ್ತದೆ. ಅವನು ಕೇಳಿದಷ್ಟನ್ನು, ಅವನು ತಾಳುವ ರೀತಿಯಲ್ಲಿ ತಿಳಿಸಬಲ್ಲವರು ಸಂಸ್ಥೆಯಲ್ಲಿದ್ದಾರೆಯೆ? ಆಸ್ತಿಯ ವಿಲೇವಾರಿ, ಮಗಳ ಮದುವೆಯ ಮಾತು, ಹುಟ್ಟೂರನ್ನು ಒಮ್ಮೆ ನೋಡುವ ಆಸೆ, ಇವಕ್ಕೆ ಅವಕಾಶ ಮಾಡಿಕೊಡುತ್ತಾರೆಯೆ? ಚೇತರಿಕೆಯ ಆಶೆಯಿಲ್ಲದ ಸ್ಥಿತಿಯಲ್ಲಿ ತನ್ನನ್ನು ಯಂತ್ರಗಳಿಂದ ಉಸಿರಾಡಿಸಬಾರದೆಂದು ಮೊದಲೇ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟು ೨೦೧೮ರಲ್ಲಿ ಎತ್ತಿಹಿಡಿದು, ೨೦೨೩ರಲ್ಲಿ ಅದರ ಕ್ರಮವನ್ನು ಸರಳಗೊಳಿಸಿತು; ೨೦೨೫ರ ಜನವರಿಯಲ್ಲಿ ಕರ್ನಾಟಕ ಸರ್ಕಾರವು ಅದನ್ನು ಜಾರಿಗೆ ತರಲು ಆಜ್ಞೆ ಹೊರಡಿಸಿತು. ಇದನ್ನು ದಯಾಮರಣವೆಂದು ತಪ್ಪಾಗಿ ತಿಳಿಯಬಾರದು. ಪ್ರಾಣವನ್ನು ತೆಗೆಯುವ ಮಾತು ಇಲ್ಲಿ ಎಲ್ಲಿಯೂ ಇಲ್ಲ. ಈ ಹಕ್ಕಿನ ವಿಷಯವನ್ನು ರೋಗಿಗೂ ಬಂಧುಗಳಿಗೂ ವಿವರಿಸಿ ಹೇಳಲಾರದ ಸಂಸ್ಥೆಯು ತನ್ನ ಕರ್ತವ್ಯದ ಒಂದು ಭಾಗವನ್ನು ಬಿಟ್ಟಂತೆಯೇ. ರೋಗಿಯ ಮತಶ್ರದ್ಧೆಯ ಮಾತೂ ಇಲ್ಲಿಯೇ ಬರುತ್ತದೆ. ಗಂಗೋದಕವನ್ನು ಬಯಸುವವನಿಗೆ ಅದು, ಕುರಾನಿನ ಪಠನವನ್ನು ಬಯಸುವವನಿಗೆ ಅದು, ಪಾದ್ರಿಯನ್ನು ಬಯಸುವವನಿಗೆ ಪಾದ್ರಿ, ಏನನ್ನೂ ಬಯಸದವನಿಗೆ ಮೌನ ದೊರೆಯತಕ್ಕದ್ದು. ಸಂಸ್ಥೆಯನ್ನು ನಡೆಸುವವರ ಮತವು ಯಾವುದೇ ಇರಲಿ, ಅದು ರೋಗಿಯ ಹಾಸಿಗೆಯನ್ನು ಹತ್ತಕೂಡದು.

ಐದನೆಯದು ಹಣದ ಲೆಕ್ಕ. ಶುಲ್ಕ ತೆಗೆದುಕೊಳ್ಳುವುದು ಪಾಪವಲ್ಲ. ಮರೆಮಾಚಿ ತೆಗೆದುಕೊಳ್ಳುವುದು ಪಾಪ. ದಿನಕ್ಕೆಷ್ಟು, ಅದರಲ್ಲಿ ಏನು ಸೇರಿದೆ, ಔಷಧಕ್ಕೆ ಬೇರೆಯೇ, ಹಣ ತೀರಿದ ದಿನ ರೋಗಿಯ ಗತಿಯೇನು ಎಂಬುದನ್ನು ಸೇರಿಸಿಕೊಳ್ಳುವ ಮೊದಲೇ ಬರೆದುಕೊಡಬೇಕು. ದಾನದಿಂದ ನಡೆಯುವ ಸಂಸ್ಥೆಗಳೂ ತಮ್ಮ ಆಯವ್ಯಯವನ್ನು ವರ್ಷವರ್ಷವೂ ಪ್ರಕಟಿಸತಕ್ಕದ್ದು.

ಇನ್ನು ಯಾವುದರಿಂದ ಅಳೆಯಬಾರದೆಂಬುದನ್ನೂ ಹೇಳಬೇಕು. ಕಟ್ಟಡ, ಹೂದೋಟ, ದಾನಿಗಳ ಅಮೃತಶಿಲೆಯ ಫಲಕ ಇವು ಕಣ್ಣಿಗೆ ಹಿತವಾಗಿದ್ದರೂ ಪ್ರಮಾಣಗಳಲ್ಲ. ಅಲ್ಲಿ ಹೆಚ್ಚು ಜನ ಸಾಯುತ್ತಾರೆಂಬುದು ದೋಷವೂ ಅಲ್ಲ. ಅವರು ಬರುವುದೇ ಆ ಸ್ಥಿತಿಯಲ್ಲಿ. ಸೇರಿದ ಮರುದಿನವೇ ರೋಗಿಯು ತೀರಿಕೊಂಡನೆಂದು ಶುಶ್ರೂಷಾಲಯವನ್ನು ನಿಂದಿಸುವವರು, ಕಡೆಯ ದಿನದವರೆಗೂ ಅವನನ್ನು ಅಲ್ಲಿಗೆ ಕಳುಹಿಸದೆ ಇಟ್ಟುಕೊಂಡ ದೊಡ್ಡಾಸ್ಪತ್ರೆಯನ್ನೂ ಪ್ರಶ್ನಿಸಬೇಕು. ಉಪಶಮನ ಶುಶ್ರೂಷೆಯು ರೋಗನಿರ್ಣಯವಾದಂದಿನಿಂದಲೇ ಚಿಕಿತ್ಸೆಯ ಜೊತೆಜೊತೆಯಾಗಿ ನಡೆಯತಕ್ಕದ್ದೆಂದು ತಜ್ಞರು ಹೇಳುತ್ತಿರುವಾಗ, ಅದನ್ನು ಸ್ಮಶಾನದ ಬಾಗಿಲೆಂಬಂತೆ ಕಾಣುವುದು ಅಜ್ಞಾನವೇ ಸರಿ.

ಕಟ್ಟುನಿಟ್ಟು ಹೆಚ್ಚಿದರೆ ಚಿಕ್ಕ ಸಂಸ್ಥೆಗಳು ಮುಚ್ಚಿಹೋದಾವೆಂಬ ಆಕ್ಷೇಪವನ್ನು ನಾವು ಲಘುವಾಗಿ ಎಣಿಸುವುದಿಲ್ಲ. ಆದರೆ ನಾವು ಕೇಳುತ್ತಿರುವುದು ವೈಭವವನ್ನಲ್ಲ. ನೆರೆಯ ಕೇರಳವು ೨೦೦೮ರಲ್ಲಿ ಇದಕ್ಕಾಗಿ ಒಂದು ನೀತಿಯನ್ನೇ ಮಾಡಿ, ಪಂಚಾಯತಿ, ದಾದಿ, ಊರಿನ ಸ್ವಯಂಸೇವಕರು ಇವರನ್ನು ಒಂದುಗೂಡಿಸಿ ರೋಗಿಯ ಮನೆಯ ಬಾಗಿಲಿಗೇ ಶುಶ್ರೂಷೆಯನ್ನು ತಂದಿತು. ಅಲ್ಲಿ ಕೆಲಸವನ್ನು ಸಾಗಿಸಿದ್ದು ಕಟ್ಟಡಗಳಲ್ಲ, ಅಕ್ಕಪಕ್ಕದ ಜನ. ಮಾನದಂಡಗಳನ್ನು ಎರಡಾಗಿ ವಿಂಗಡಿಸಬಹುದು. ತರಬೇತಾದ ವೈದ್ಯ, ತರಬೇತಾದ ದಾದಿ, ಮಾರ್ಫಿನ್, ನೋವಿನ ದಾಖಲೆ, ರಾತ್ರಿಯ ವ್ಯವಸ್ಥೆ ಇವು ಇರಲೇಬೇಕಾದವು. ಉಳಿದವು ಇದ್ದರೆ ಮೇಲಾದವು. ಮೊದಲ ವರ್ಗದಲ್ಲಿ ಕೊರತೆಯಿದ್ದವರಿಗೆ ಕಾಲಾವಕಾಶವನ್ನೂ ತರಬೇತಿಯನ್ನೂ ಕೊಡಲಿ; ಸುಳ್ಳು ಹೇಳಿದವರಿಗೆ ಮಾತ್ರ ಶಿಕ್ಷೆಯಾಗಲಿ.

ಸರ್ಕಾರದ ಮುಂದೆ ನಾವಿಡುವ ಬೇಡಿಕೆಗಳು ಮೂರು. ಖಾಸಗಿ ವೈದ್ಯಕೀಯ ಸಂಸ್ಥೆಗಳ ನೋಂದಣಿಗೆ ೨೦೦೭ರ ಕಾಯಿದೆಯು ನಮ್ಮ ರಾಜ್ಯದಲ್ಲಿರುವಾಗ, ಅಂತ್ಯಕಾಲದ ಶುಶ್ರೂಷೆಯನ್ನು ಮಾರುವ ಪ್ರತಿಯೊಂದು ಸಂಸ್ಥೆಯೂ, ವೃದ್ಧಾಶ್ರಮದ ಹೆಸರಿನಲ್ಲಿದ್ದರೂ ಸಹ, ಮೇಲ್ಕಂಡ ಕನಿಷ್ಠ ಮಾನದಂಡಗಳಿಗೆ ಒಳಪಡಲಿ. ತಪಾಸಣೆಯ ವರದಿಯು ಕಛೇರಿಯ ಕಪಾಟಿನಲ್ಲಿ ಕೊಳೆಯದೆ, ಕನ್ನಡದಲ್ಲಿ ಪ್ರಕಟವಾಗಿ ಸಂಸ್ಥೆಯ ಬಾಗಿಲಲ್ಲಿ ತೂಗಲಿ. ಪ್ರತಿಯೊಂದು ಜಿಲ್ಲಾ ಆಸ್ಪತ್ರೆಯಲ್ಲಿಯೂ ಮಾರ್ಫಿನ್ ದೊರೆಯಲಿ, ಅದನ್ನು ಕೊಡಬಲ್ಲ ವೈದ್ಯರೂ ಇರಲಿ. ಬೀದರಿನ ಬಡ ರೈತನು ನೋವು ನೀಗಿಸಿಕೊಳ್ಳಲು ಬೆಂಗಳೂರಿನ ಹಾದಿ ಹಿಡಿಯಬೇಕಾದರೆ ಆ ಹಾದಿಯಲ್ಲಿಯೇ ಅವನ ಉಳಿದ ದಿನಗಳು ತೀರಿಹೋಗುತ್ತವೆ.

ಮಹಾಜನರಲ್ಲಿಯೂ ನಮ್ಮದೊಂದು ಬಿನ್ನಹ. ಮನೆಯಲ್ಲಿ ರೋಗಿಯಿರುವಾಗ ಹುಡುಕಹೊರಟರೆ ಸಿಕ್ಕಿದ್ದನ್ನು ಹಿಡಿಯಬೇಕಾಗುತ್ತದೆ. ಊರಿನ ಸಂಘಗಳು, ಮಹಿಳಾ ಸಮಾಜಗಳು, ನಿವೃತ್ತ ನೌಕರರು ತಮ್ಮ ನೆರೆಯ ಶುಶ್ರೂಷಾಲಯಕ್ಕೆ ಈಗಲೇ ಹೋಗಲಿ. ಮುನ್ಸೂಚನೆಯಿಲ್ಲದೆ ಒಮ್ಮೆ ಸಂಜೆಯ ಮೇಲೆ ಹೋಗಲಿ. ರೋಗಿಗಳ ಅಪ್ಪಣೆ ಪಡೆದು ಅವರ ಬಳಿ ಕುಳಿತು, ನಿನ್ನೆ ರಾತ್ರಿ ನಿದ್ರೆ ಬಂತೆ ಎಂದು ಕೇಳಲಿ. ಆ ಒಂದು ಪ್ರಶ್ನೆಗೆ ದೊರೆಯುವ ಉತ್ತರವು ಎಷ್ಟೋ ವರದಿಗಳಿಗಿಂತ ಹೆಚ್ಚಿನದನ್ನು ತಿಳಿಸೀತು. ಒಳ್ಳೆಯ ಸಂಸ್ಥೆಗಳು ಇಂಥ ಭೇಟಿಗೆ ಅಂಜುವುದಿಲ್ಲ; ಅವುಗಳಿಗೆ ಹಣ, ಶ್ರಮ, ಸಮಯ ಯಾವುದು ಬೇಕಾದರೂ ನಮ್ಮ ಜನ ಧಾರಾಳವಾಗಿ ಕೊಡಲಿ. ಅಂಜುವ ಸಂಸ್ಥೆಗಳ ವಿಷಯದಲ್ಲಿ ಸರ್ಕಾರವು ತನ್ನ ಕರ್ತವ್ಯವನ್ನು ತಡಮಾಡದೆ ನೆರವೇರಿಸುವುದೆಂದು ನಾವು ನಿರೀಕ್ಷಿಸುತ್ತೇವೆ.