ದಫ್ಫಿನ ಸದ್ದಡಗಿಸಿದ್ದು ಮಕ್ಕಳ ಗೇಮ್ ಅಲ್ಲ

ಗೋವಾದಲ್ಲಿ ನಾವು ನಾಲ್ಕು ಬ್ಯಾರಿಗಳು ಒಂದೆಡೆ ಸೇರಿದರೆ ಈ ಮಾತು ಬಂದೇ ಬರುತ್ತದೆ: "ಮಕ್ಕಳ ಕೈಗೆ ಗೇಮ್ ಬಂತು, ದಫ್ ಹೋಯಿತು." ಹೇಳುವವರು ಹಿರಿಯರಾದ್ದರಿಂದ ಯಾರೂ ಎದುರಾಡುವುದಿಲ್ಲ. ನಾನು ಎದುರಾಡುತ್ತೇನೆ. ಈ ಆರೋಪ ಸುಳ್ಳು.

ನನ್ನ ಮಕ್ಕಳು ಆಡುವ ಗೇಮಿನ ಹೆಸರು ಪಟಪೊನ್. ಸೋನಿಯ ಪಿಎಸ್‌ಪಿಗಾಗಿ 2007ರಲ್ಲಿ ಜಪಾನಿನಲ್ಲಿ ಬಂದದ್ದು. ಎರಡು ಕೈಯಲ್ಲಿ ಹಿಡಿಯುವ ಸಣ್ಣ ಯಂತ್ರ. ನಾಲ್ಕು ಬಟನ್‌ಗಳಿಗೆ ಡೋಲಿನ ನಾಲ್ಕು ಸದ್ದು: ಪಟ, ಪೊನ್, ಡಾನ್, ಚಕ. ಮೂರು ಪಟ, ಒಂದು ಪೊನ್ ಬಾರಿಸಿದರೆ ಪರದೆಯ ಮೇಲಿನ ಪುಟ್ಟ ಸೈನ್ಯ ಮುಂದೆ ನಡೆಯುತ್ತದೆ. ಆಮೇಲೆ ನಾಲ್ಕು ಪೆಟ್ಟಿನಷ್ಟು ಹೊತ್ತು ಸುಮ್ಮನಿರಬೇಕು. ಆಗ ಸೈನ್ಯ ಅದನ್ನೇ ತಿರುಗಿ ಹಾಡುತ್ತದೆ. ಅವಸರ ಮಾಡಿದಿರೋ, ತಾಳ ಕೆಟ್ಟಿತು, ಕಟ್ಟಿಕೊಂಡು ಬಂದ ಹುರುಪೆಲ್ಲ ಇಳಿಯಿತು. ಒಬ್ಬ ಹಾಡುವುದು, ಉಳಿದವರು ಎತ್ತಿಕೊಳ್ಳುವುದು, ನಡುವೆ ಕಾಯುವುದು. ದಫ್ ಸಾಲಿನಲ್ಲಿ ಕೂತು ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕೇ?

ತೊಗಲನ್ನು ಕಾಯಿಸಿ ಬಿಗಿ ಮಾಡುವುದು, ಪಕ್ಕದವನ ಜೊತೆ ಒಂದೇ ಸಮ ಬಾಗುವುದು, ಅಂಗೈ ಉರಿಯುವುದು, ಇವು ಬಟನ್‌ನಲ್ಲಿ ಸಿಗುವುದಿಲ್ಲ, ಒಪ್ಪಿದೆ. ಆದರೆ ಕಿವಿಯಂತೂ ತಯಾರಾಗುತ್ತದೆ.

ಇನ್ನು ಪಕ್ಕದ ಮನೆ ನೋಡಿ. ಚೌತಿ ಬಂದರೆ ಇಲ್ಲಿನ ಹಿಂದೂ ಮನೆಗಳಲ್ಲಿ ಆರತಿಗೆ ಘುಮಟ್ ಬಾರಿಸುತ್ತಾರೆ. ನಮ್ಮ ಉತ್ತರ ಕನ್ನಡದವರು ಗುಮಟೆ ಎನ್ನುತ್ತಾರಲ್ಲ, ಅದೇ ಮಣ್ಣಿನ ಮಡಕೆಯ ವಾದ್ಯ. ಹಿಂದೆ ಅದಕ್ಕೆ ಉಡದ ಚರ್ಮ ಬಿಗಿಯುತ್ತಿದ್ದರು. ವನ್ಯಜೀವಿ ಕಾನೂನು ಅಡ್ಡ ಬಂದ ಮೇಲೆ ಆಡಿನ ಚರ್ಮಕ್ಕೆ ಬಂದರು. ಚರ್ಮ ಬದಲಾದರೂ ವಾದ್ಯ ಉಳಿಯಿತು. ಅದನ್ನು ಬಾರಿಸುವ ಹುಡುಗರ ಕೈಯಲ್ಲೂ ಮೊಬೈಲ್ ಇದೆ, ಗೇಮ್ ಇದೆ. ಆದರೂ ಘುಮಟ್ ಯಾಕೆ ಸಾಯಲಿಲ್ಲ? ದೊಡ್ಡವರು ಬಾರಿಸುವಾಗ ಮಕ್ಕಳು ಪಕ್ಕದಲ್ಲೇ ಇರುತ್ತಾರೆ. ತಪ್ಪು ಬಾರಿಸಿದರೂ ಯಾರೂ ಎಬ್ಬಿಸಿ ಕಳಿಸುವುದಿಲ್ಲ.

ನಾವೇನು ಮಾಡಿದೆವು? ದಫ್ಫನ್ನು ಸ್ಟೇಜಿಗೆ ಹತ್ತಿಸಿದೆವು. ಸಮವಸ್ತ್ರ, ಸ್ಪರ್ಧೆ, ಟ್ರೋಫಿ. ಮದುವೆಗೆ ಊರಿನಿಂದ ತಂಡ ಕರೆಸುತ್ತೇವೆ, ನಾವು ಕುರ್ಚಿಯಲ್ಲಿ ಕೂತು ವಿಡಿಯೋ ಮಾಡುತ್ತೇವೆ. (ಆ ವಿಡಿಯೋವನ್ನು ಎರಡನೇ ಸಲ ನೋಡಿದವರು ಯಾರಾದರೂ ಇದ್ದರೆ ಹೇಳಿ.) ಗೋವಾದಲ್ಲಿ ನಾನು ಹೋಗಿಬರುವ ಬ್ಯಾರಿ ಮನೆಗಳಲ್ಲಿ ಟಿವಿ ಎರಡೆರಡು ಇವೆ. ದಫ್ ಒಂದು ಮನೆಯಲ್ಲೂ ಕಂಡಿಲ್ಲ. ಇಲ್ಲದ ವಾದ್ಯವನ್ನು ಮಗು ಬಿಟ್ಟಿತು ಎನ್ನುವುದು ಯಾವ ನ್ಯಾಯ?

ಇನ್ನೊಂದು ಮಾತು, ಕೆಲವರಿಗೆ ಹಿಡಿಸಲಿಕ್ಕಿಲ್ಲ. ಪಟಪೊನ್‌ನಲ್ಲಿ ನನ್ನ ಮಗಳು ಅಣ್ಣನಿಗಿಂತ ಮುಂದಿದ್ದಾಳೆ. ಅವಳ ತಾಳ ತಪ್ಪುವುದೇ ಅಪರೂಪ. ಆದರೆ ನಾನು ನೋಡಿದ ಒಂದು ದಫ್ ತಂಡದಲ್ಲೂ ಹುಡುಗಿಯರಿಲ್ಲ. ಆ ಯಂತ್ರ ಅವಳು ಹುಡುಗಿಯೋ ಹುಡುಗನೋ ಎಂದು ಕೇಳಲಿಲ್ಲ.

ಮುಂದಿನ ಸಭೆಗೆ ಹಿರಿಯರು ಭಾಷಣದ ಬದಲು ನಾಲ್ಕು ಸಣ್ಣ ದಫ್ ತರಲಿ. ಮಕ್ಕಳ ನಡುವೆ ಇಟ್ಟು, ಒಂದು ಗಂಟೆ ಅವರ ಜೊತೆ ಕೆಳಗೆ ಕೂರಲಿ. ಎರಡನ್ನು ಹುಡುಗಿಯರ ಕೈಗೆ ಕೊಡಲಿ.